ಬ್ರೋಕರ್ ಮೂಲಕ ದುಬೈಯಿಂದ ಸೆಕೆಂಡ್ ಹ್ಯಾಂಡ್ ಲ್ಯಾಂಡ್ ಕ್ರೂಸರ್ ತರಿಸ್ಬೋದಾ? 2 ಲಕ್ಷ ಅಡ್ವಾನ್ಸ್ ಕೇಳ್ತಿದಾರೆ

ರಾಜಾಜಿನಗರದವ:
ನಮಸ್ಕಾರ ಎಲ್ರಿಗೂ. ನಮ್ಮಪ್ಪಂಗೆ ಲ್ಯಾಂಡ್ ಕ್ರೂಸರ್ ಅಂದ್ರೆ ಪ್ರಾಣ, ಮುಂದಿನ ವರ್ಷ ರಿಟೈರ್ ಆಗ್ತಾರೆ, ಅಷ್ಟರೊಳಗೆ ಹಳೇದಾದ್ರೂ ಪರ್ವಾಗಿಲ್ಲ ಒಂದು ಕೊಡಿಸ್ಬೇಕು ಅಂತ ನಾನೂ ಅಣ್ಣನೂ ದುಡ್ಡು ಕೂಡಿಡ್ತಿದೀವಿ. ಇಲ್ಲೇ ಒಬ್ರು ಬ್ರೋಕರ್ ಸಿಕ್ಕಿದಾರೆ, ದುಬೈನಲ್ಲಿ 2019ರ ಗಾಡಿ ಇದೆ, ಚೆನ್ನೈ ಪೋರ್ಟಿಗೆ ಇಳಿಸಿ ಕೆಎ ನಂಬರ್ ಹಾಕ್ಸಿ ಮನೆ ಮುಂದೆ ತಂದು ನಿಲ್ಲಿಸ್ತೀನಿ, ಈ ವಾರ 2 ಲಕ್ಷ ಹಾಕಿ ಅಂತಿದಾರೆ. ಹಾಕ್ಲಾ? ಯಾರಾದ್ರೂ ತರಿಸಿದೀರಾ?

ಕ್ಲಚ್ ಪ್ಲೇಟ್:
ದಯವಿಟ್ಟು ಒಂದ್ರೂಪಾಯಿನೂ ಹಾಕ್ಬೇಡಿ. ದುಬೈ ಗಾಡಿಗೆ ಸ್ಟೇರಿಂಗ್ ಎಡಗಡೆ ಇರುತ್ತೆ, ನಮ್ ದೇಶಕ್ಕೆ ಹಳೇ ಕಾರ್ ತರ್ಬೇಕಂದ್ರೆ ಬಲಗಡೆನೇ ಇರ್ಬೇಕು. ತಯಾರಾಗಿ 3 ವರ್ಷ ದಾಟಿರಬಾರ್ದು, 2019ರದ್ದು ಅಲ್ಲೇ ಹೋಯ್ತು. ಇನ್ನು ಹಳೇ ಗಾಡಿ ಇಳಿಸೋಕೆ ಮುಂಬೈ ಪೋರ್ಟ್ ಒಂದಕ್ಕೇ ಪರ್ಮಿಷನ್, ಚೆನ್ನೈ ಅಂತ ಹೇಳಿದಾರೆ ಅಂದ್ರೆ ಒಂದೋ ಅವ್ರಿಗೆ ರೂಲ್ಸ್ ಗೊತ್ತಿಲ್ಲ, ಇಲ್ಲಾ ನಿಮಗೆ ಗೊತ್ತಿಲ್ಲ ಅಂದ್ಕೊಂಡಿದಾರೆ.

ಜಯನಗರ 4ನೇ ಬ್ಲಾಕ್:
ದುಡ್ಡಿನ ಲೆಕ್ಕನೂ ನೋಡಿ. ಬಿಲ್‌ನಲ್ಲಿ ಕಮ್ಮಿ ಬರೆಸ್ತೀನಿ ಅಂತಾರೆ ಬ್ರೋಕರ್‌ಗಳು, ಕಸ್ಟಮ್ಸ್‌ನೋರು ಅದನ್ನ ಒಪ್ಪಲ್ಲ, ಆ ಗಾಡಿ ಹೊಸದಾಗಿದ್ದಾಗಿನ ಬೆಲೆ ಹಿಡ್ಕೊಂಡು ಕಳೀತಾ ಬರ್ತಾರೆ: ಮೊದಲ್ನೇ ವರ್ಷ ಪ್ರತಿ ಮೂರು ತಿಂಗಳಿಗೆ 4%, ಎರಡ್ನೇ ವರ್ಷ 3%, ಮೂರ್ನೇ ವರ್ಷ 2.5%. ಪೂರ್ತಿ ಮೂರು ವರ್ಷ ಆದ್ರೂ 38% ಅಷ್ಟೇ ಕಳಿಯೋದು. ಉಳಿದಿದ್ದರ ಮೇಲೆ ಡ್ಯೂಟಿ, ಜಿಎಸ್‌ಟಿ ಎಲ್ಲ ಸೇರಿದ್ರೆ ಗಾಡಿ ಬೆಲೆಗಿಂತ ಟ್ಯಾಕ್ಸೇ ಜಾಸ್ತಿ. ಅದೆಲ್ಲ ಕಟ್ಟಿ ಇಲ್ಲಿಗೆ ತಂದ್ಮೇಲೆ ಆರ್‌ಟಿಒದಲ್ಲಿ ಲೈಫ್ ಟ್ಯಾಕ್ಸ್, ಕರ್ನಾಟಕದಲ್ಲಿ 20 ಲಕ್ಷದ ಮೇಲಿನ ಕಾರಿಗೆ 18%, ಅದರ ಮೇಲೆ ಸೆಸ್ ಬೇರೆ.

ಕಡ್ಲೆಕಾಯ್ ಪರಿಷೆ:
ಬ್ರೋಕರ್ ಅಂದ್ರೆ ಎಲ್ರೂ ಕೆಟ್ಟೋರಲ್ಲ, ಆದ್ರೆ ಒರಿಜಿನಲ್ ಪೇಪರ್ ನಾವೇ ಕೇಳಿ ಇಸ್ಕೊಬೇಕು. ನಮ್ ಭಾವ ನೈರೋಬಿಲಿದಾರೆ, ಕೀನ್ಯಾಗೆ ಜಪಾನ್‌ನಿಂದ ಹಳೇ ಕಾರ್ ತರೋದು ದಿನನಿತ್ಯದ ಮಾತು. ಅವ್ರ ಬ್ರೋಕರ್ 'ಸಣ್ಣಪುಟ್ಟ ಸ್ಕ್ರ್ಯಾಚ್' ಅಂತ ಇಂಗ್ಲಿಷಲ್ಲಿ ಎರಡು ಲೈನ್ ಬರೆದು ಕಳ್ಸಿದ್ರು, ಭಾವ ಪಟ್ಟು ಹಿಡಿದು ಅಲ್ಲಿ ಹಳೇ ಕಾರ್ ಹರಾಜಿಗೆ ಬಿಡೋವಾಗ ಪರೀಕ್ಷೆ ಮಾಡಿ ಬರೆಯೋ ಜಪಾನಿ ಶೀಟೇ ತರಿಸ್ಕೊಂಡ್ರು. ಅದರಲ್ಲಿ ಕಾರನ್ನ ಮೇಲಿಂದ ಬಿಡಿಸಿಟ್ಟ ಹಾಗೆ ಒಂದು ಚಿತ್ರ ಇರುತ್ತೆ, ಎಲ್ಲೆಲ್ಲಿ ಏಟು ಬಿದ್ದಿದೆಯೋ ಅಲ್ಲಲ್ಲಿ ಅಕ್ಷರ. 'ಎ' ಅಂದ್ರೆ ಗೀರು, 'ಯು' ಅಂದ್ರೆ ತಗ್ಗು. ಎಡಗಡೆ ಹಿಂದಿನ ಬಾಗಿಲ ಮೇಲೆ 'ಎಕ್ಸ್‌ಎಕ್ಸ್' ಅಂತಿತ್ತು, ಅಂದ್ರೆ ಆ ಬಾಗಿಲೇ ಬದಲಾಯಿಸಿದಾರೆ, ಮೇಲ್ಗಡೆ ಗ್ರೇಡ್ ಜಾಗದಲ್ಲಿ 'ಆರ್', ಅಂದ್ರೆ ಆಕ್ಸಿಡೆಂಟ್ ಆಗಿ ರಿಪೇರಿ ಆಗಿರೋ ಗಾಡಿ. ಆ ಒಂದು ಹಾಳೆ ನೋಡದೇ ಇದ್ದಿದ್ರೆ ಅವತ್ತೇ ದುಡ್ಡು ಹೋಗ್ತಿತ್ತು.

ರಾಜಾಜಿನಗರದವ:
ತುಂಬಾ ಥ್ಯಾಂಕ್ಸ್, ನಿಜವಾಗ್ಲೂ ಉಳಿಸಿದ್ರಿ. ಈಗಷ್ಟೇ ಬ್ರೋಕರ್‌ಗೆ ಡ್ಯಾಶ್‌ಬೋರ್ಡ್ ಫೋಟೋ ಕಳ್ಸಿ ಅಂದೆ, ಕಳ್ಸಿದ್ರು, ಸ್ಟೇರಿಂಗ್ ಎಡಗಡೆನೇ ಇದೆ. ಕೇಳಿದ್ರೆ 'ಇಲ್ಲಿ ಬಂದ್ಮೇಲೆ ಬಲಗಡೆ ಮಾಡಿಸ್ಕೊಡ್ತೀವಿ ಸರ್' ಅಂತಾರೆ. ಬೇಡ ಅಂದ್ಬಿಟ್ಟೆ.

ಕ್ಲಚ್ ಪ್ಲೇಟ್:
ಒಳ್ಳೇದಾಯ್ತು ಬಿಡಿ. ಇಲ್ಲೇ ಆಗ್ಲೇ ಕೆಎ ನಂಬರಲ್ಲಿ ಓಡ್ತಿರೋದು ಸಿಗುತ್ತೆ, ಹುಡುಕಿ. ಆರ್‌ಸಿ ಜೊತೆ ಕಸ್ಟಮ್ಸ್ ಪೇಪರ್ ಕೇಳೋದು ಮಾತ್ರ ಮರೀಬೇಡಿ. ನೋಡೋಕೆ ಹೋಗೋವಾಗ ಬೇಕಾದ್ರೆ ಹೇಳಿ, ಭಾನುವಾರ ಆದ್ರೆ ನಾನೂ ಬರ್ತೀನಿ.