ವೃದ್ಧರಲ್ಲಿ ಕಾಣುವ ‘ಸನ್ನಿ’ಯನ್ನು ಗುರುತಿಸಲು ಆಸ್ಪತ್ರೆಯ ಸಿಬ್ಬಂದಿಗೆ ಹೇಗೆ ಕಲಿಸಬೇಕು?

ಪ್ರಶ್ನೆ: ವೈದ್ಯಾಧಿಕಾರಿ, ಯಾದಗಿರಿ ಜಿಲ್ಲೆ

ಮಾನ್ಯರೇ, ನಮ್ಮ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೂ ಶುಶ್ರೂಷಕರಿಗೂ ವೃದ್ಧರ ಡೆಲಿರಿಯಂ (ಸನ್ನಿ, ಅಂದರೆ ಕಾಯಿಲೆಯಲ್ಲಿ ದಿಢೀರನೆ ಬರುವ ಮನಸ್ಸಿನ ಗೊಂದಲ) ಕುರಿತು ಅರ್ಧ ದಿನದ ತರಬೇತಿ ನಡೆಸುವ ಹೊಣೆ ನನ್ನ ಮೇಲೆ ಬಿದ್ದಿದೆ. ಕಾರಣ ನಮ್ಮದೇ ತಪ್ಪು. ನ್ಯುಮೋನಿಯಾದಿಂದ ದಾಖಲಾಗಿದ್ದ ಎಪ್ಪತ್ತೈದು ದಾಟಿದ ಅಜ್ಜಿಯೊಬ್ಬರು ಎರಡು ದಿನ ಗೋಡೆಗೆ ಮುಖ ಮಾಡಿ ಮಲಗಿದ್ದರೂ ನಾವು ಕೇಸ್ ಶೀಟಿನಲ್ಲಿ ‘ಶಾಂತವಾಗಿ ನಿದ್ರಿಸುತ್ತಿದ್ದಾರೆ’ ಎಂದು ಬರೆಯುತ್ತಾ ಹೋದೆವು. ಅದೇ ವಾರ್ಡಿನಲ್ಲಿ ರಾತ್ರಿ ಸಲೈನ್ ಕಿತ್ತೆಸೆದ ಅಜ್ಜನ ಬಳಿಗೆ ಮಾತ್ರ ಎಲ್ಲರೂ ಓಡಿದರು. ನಿದ್ರೆ ಬರಿಸುವ ಲೊರಾಜೆಪಾಮ್ ಚುಚ್ಚಿದ ಮೇಲೆ ಅವರ ಗೊಂದಲ ಮರುದಿನ ಇನ್ನಷ್ಟು ಹೆಚ್ಚಿತು. ಡೆಲಿರಿಯಂ ಗುರುತಿಸಲು ಅಂಕ ಕೊಡುವ ‘4ಎಟಿ’ ಎಂಬ ಕಿರು ಪರೀಕ್ಷೆಯನ್ನು ಕಲಿಸಬೇಕೆಂದಿದ್ದೇನೆ. ಆದರೆ ಹುಟ್ಟಿದ ದಿನಾಂಕ ಹೇಳುವುದು, ತಿಂಗಳುಗಳನ್ನು ಕೊನೆಯಿಂದ ಹಿಂದಕ್ಕೆ ಎಣಿಸುವುದು ನಮ್ಮ ಹಳ್ಳಿಯ ಹಿರಿಯರಿಂದ ಆಗುತ್ತದೆಯೇ?

ಉತ್ತರ: ವೈದ್ಯಕೀಯ ಬೋಧಕ, ಕಲಬುರಗಿ

ತರಬೇತಿಯನ್ನು ವ್ಯಾಖ್ಯಾನದಿಂದಲ್ಲ, ಆ ಅಜ್ಜಿಯಿಂದಲೇ ಆರಂಭಿಸಿ. ‘ಸನ್ನಿ’ ಎಂಬ ಪದ ನಮ್ಮವರಿಗೆ ಹೊಸದೇನಲ್ಲ. ಜ್ವರದಲ್ಲಿ ಬಡಬಡಿಸುವವರನ್ನು ಕಂಡಾಗ ಮನೆಯವರೇ ಅದನ್ನು ಹೇಳುತ್ತಾರೆ. ಸದ್ದಿಲ್ಲದೆ ಮಂಕಾಗಿ ಮಲಗುವ ಸನ್ನಿಗೆ ಮಾತ್ರ ಜನರ ಬಾಯಲ್ಲಿ ಹೆಸರಿಲ್ಲ, ಆದ್ದರಿಂದಲೇ ಅದು ನಮ್ಮ ಕಣ್ಣಿಗೂ ಬೀಳುವುದಿಲ್ಲ. ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯಂತೂ ಈ ವಿಷಯದಲ್ಲಿ ವೈದ್ಯರನ್ನೂ ದಾರಿ ತಪ್ಪಿಸುತ್ತದೆ: ಮರೆಗುಳಿತನ ತಿಂಗಳು, ವರ್ಷಗಳ ಅವಧಿಯಲ್ಲಿ ಬೆಳೆಯುತ್ತದೆ, ಡೆಲಿರಿಯಂ ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಬಂದು, ಒಂದೇ ದಿನದಲ್ಲಿ ಹಲವು ಸಲ ಏರಿಳಿಯುತ್ತದೆ. ಶ್ಯಾರನ್ ಇನೂಯೆ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ, ಡೆಲಿರಿಯಂ ಗುರುತಿಸುವ ‘ಕ್ಯಾಮ್’ ವಿಧಾನವೂ ಇದನ್ನೇ ಆಧರಿಸಿದೆ. ದಿಢೀರನೆ ಕಾಣಿಸಿಕೊಂಡು ಏರಿಳಿಯುವ ಬದಲಾವಣೆ ಮತ್ತು ಗಮನದ ಕೊರತೆ ಎರಡೂ ಇರಬೇಕು. ಅವುಗಳ ಜೊತೆಗೆ ಅಸಂಬದ್ಧ ಯೋಚನೆ ಅಥವಾ ಎಚ್ಚರದ ಮಟ್ಟದಲ್ಲಿ ವ್ಯತ್ಯಾಸ, ಇವೆರಡರಲ್ಲಿ ಒಂದಾದರೂ ಇರಬೇಕು.

ನಿಮ್ಮ ಸಂದೇಹ ಸರಿಯಾಗಿದೆ. ನಮ್ಮ ಅನೇಕ ಹಿರಿಯರ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1 ಎಂದಿರುತ್ತದೆ, ಅದು ಅವರಿಗೇ ಗೊತ್ತಿರುವುದಿಲ್ಲ. ವಯಸ್ಸು ಕೇಳಿದರೆ ‘ರಜಾಕಾರರ ಗಲಾಟೆಯಾದಾಗ ನಾನು ಕಂಕುಳ ಕೂಸು’ ಎನ್ನುತ್ತಾರೆ. ಆ ಗಲಾಟೆಯಾದ 1948ರಿಂದ ಲೆಕ್ಕ ಹಾಕಿಕೊಂಡರೆ ಅದು ತಪ್ಪು ಉತ್ತರವೇನಲ್ಲ! ಆದರೂ ಪರೀಕ್ಷೆಯ ಪ್ರಶ್ನೆಗಳನ್ನು ನಮ್ಮಿಷ್ಟದಂತೆ ಬದಲಾಯಿಸಿ ಅದೇ ಅಂಕ ಕೊಡುವುದು ಸರಿಯಲ್ಲ. 4ಎಟಿಯಲ್ಲಿ ಎಚ್ಚರದ ಮಟ್ಟ ಸ್ಪಷ್ಟವಾಗಿ ಅಸಹಜವಾಗಿದ್ದರೆ 4 ಅಂಕ, ಇತ್ತೀಚೆಗೆ ದಿಢೀರ್ ಬದಲಾವಣೆ ಆಗಿದ್ದರೆ 4 ಅಂಕ; 4 ಅಥವಾ ಹೆಚ್ಚು ಅಂಕ ಬಂದರೆ ಡೆಲಿರಿಯಂ ಇರಬಹುದೆಂದು ಶಂಕಿಸಬೇಕು. ಹೀಗಾಗಿ ಅಕ್ಷರ ಬಾರದವರಲ್ಲಿ ಈ ಎರಡನ್ನು ಚೆನ್ನಾಗಿ ನೋಡಲು ಕಲಿಸಿದರೆ ಬಹಳಷ್ಟು ಕೆಲಸವಾಗುತ್ತದೆ. ಗಮನ ಅಳೆಯಲು ವಾರದ ದಿನಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳಿಸಬಹುದು, ಆದರೆ ಅದನ್ನು ಅಂಕಕ್ಕೆ ಸೇರಿಸದೆ ಪ್ರತ್ಯೇಕವಾಗಿ ಬರೆದಿಡಿ.

ಉತ್ತರ: ಸ್ಟಾಫ್ ನರ್ಸ್, ಬೀದರ್

ವೈದ್ಯರು ಬೆಳಿಗ್ಗೆ ರೌಂಡ್ಸಿಗೆ ಬಂದಾಗ ರೋಗಿ ಚೆನ್ನಾಗಿಯೇ ಮಾತನಾಡುತ್ತಾರೆ. ಹೊತ್ತು ಮುಳುಗಿದ ಮೇಲೆ ನಡೆಯುವುದನ್ನು ನೋಡುವವರು ನಾವು ಮತ್ತು ಹಾಸಿಗೆಯ ಪಕ್ಕ ಕುಳಿತ ಸೊಸೆ. ಆದ್ದರಿಂದ ರಾತ್ರಿ ಪಾಳಿಯವರನ್ನು ಬಿಟ್ಟು ತರಬೇತಿ ಮಾಡಬೇಡಿ. ‘ನಿಮ್ಮ ಅತ್ತೆಯವರು ಮೊನ್ನೆ ಮನೆಯಲ್ಲಿದ್ದ ಹಾಗೆಯೇ ಇದ್ದಾರೆಯೇ?’ ಎಂಬ ಒಂದೇ ಪ್ರಶ್ನೆಯನ್ನು ಪ್ರತಿ ಪಾಳಿಯಲ್ಲೂ ಕೇಳಿ, ಉತ್ತರವನ್ನು ಪಾಳಿ ಬದಲಾಗುವಾಗ ಒಪ್ಪಿಸುವ ಅಭ್ಯಾಸ ಮಾಡಿಸಿ. ಭಾಷೆಯನ್ನೂ ಮರೆಯಬೇಡಿ. ನಮ್ಮಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ಎಲ್ಲವೂ ಒಂದೇ ವಾರ್ಡಿನಲ್ಲಿ ಕೇಳುತ್ತವೆ. ಮನೆಮಾತಿನಲ್ಲಿ ಕೇಳದೆ ‘ಉತ್ತರಿಸುತ್ತಿಲ್ಲ’ ಎಂದು ಬರೆದುಬಿಟ್ಟರೆ ತಪ್ಪು ನಮ್ಮದೇ. ಕನ್ನಡಕ, ಶ್ರವಣಯಂತ್ರ, ಹಲ್ಲಿನ ಸೆಟ್ ಸಾಮಾನ್ಯವಾಗಿ ಮಂಚದ ಕೆಳಗಿನ ಚೀಲದಲ್ಲಿರುತ್ತವೆ, ಮೊದಲು ಅವನ್ನು ಹೊರತೆಗೆಸಬೇಕು. ಕೈ ಕಟ್ಟಿಹಾಕುವುದರಿಂದ ಗಾಬರಿ ಹೆಚ್ಚಾಗುವುದನ್ನೇ ನಾನು ಕಂಡಿದ್ದೇನೆ.

ಉತ್ತರ: ಮನೋವೈದ್ಯ, ಕಲಬುರಗಿ

ನರ್ಸ್ ಸಹೋದರಿ ಹೇಳಿದ ಈ ಸಣ್ಣ ಕೆಲಸಗಳನ್ನು ಹಗುರವಾಗಿ ಕಾಣಬೇಡಿ. ಕನ್ನಡಕ, ನೀರು, ನಿದ್ರೆ, ಓಡಾಟ, ದಿನ ಮತ್ತು ಜಾಗದ ನೆನಪು ಮಾಡಿಕೊಡುವುದು ಇಂಥವುಗಳನ್ನೇ ಕ್ರಮಬದ್ಧವಾಗಿ ಮಾಡಿದ 1999ರ ಅಧ್ಯಯನದಲ್ಲಿ ಎಪ್ಪತ್ತು ದಾಟಿದ 852 ರೋಗಿಗಳಿದ್ದರು. ಸಾಮಾನ್ಯ ಆರೈಕೆಯ ಗುಂಪಿನಲ್ಲಿ ಶೇ. 15ರಷ್ಟು ಜನರಿಗೆ ಬಂದ ಡೆಲಿರಿಯಂ ಈ ಆರೈಕೆ ಪಡೆದ ಗುಂಪಿನಲ್ಲಿ ಶೇ. 9.9ಕ್ಕೆ ಇಳಿದಿತ್ತು.

ಔಷಧದ ವಿಷಯದಲ್ಲಿ ಕಲಿಸಬೇಕಾದ ಮೊದಲ ಪಾಠ, ಕಾರಣ ಹುಡುಕದೆ ಸಿರಿಂಜ್ ಹಿಡಿಯಬಾರದು ಎಂಬುದು. ಸಕ್ಕರೆ, ಆಮ್ಲಜನಕ, ಸೋಡಿಯಂ, ಸೋಂಕು, ನೋವು, ಕಟ್ಟಿಕೊಂಡ ಮೂತ್ರ, ಮಲಬದ್ಧತೆ ಇವೆಲ್ಲವನ್ನೂ ನೋಡಬೇಕು. ನಮ್ಮ ಬೇಸಿಗೆಯಲ್ಲಿ ನಿರ್ಜಲೀಕರಣವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ನೆಗಡಿ ಮಾತ್ರೆಯ ಕ್ಲೋರ್‌ಫೆನಿರಮೈನ್, ಪ್ರೊಮೆಥಜೈನ್, ಅಮಿಟ್ರಿಪ್ಟಿಲೀನ್, ಟ್ರೈಹೆಕ್ಸಿಫೆನಿಡಿಲ್ ಕೂಡ ಗೊಂದಲ ಹುಟ್ಟಿಸುತ್ತವೆ. ರೋಗಿ ತನಗೋ ಇತರರಿಗೋ ಅಪಾಯ ಮಾಡಿಕೊಳ್ಳುವಂತಿದ್ದು, ಸಮಾಧಾನದ ಮಾತು ಫಲಿಸದಿದ್ದರೆ ಮಾತ್ರ ಉದ್ವೇಗ ತಗ್ಗಿಸುವ ಹಾಲೋಪೆರಿಡಾಲ್ 0.25ರಿಂದ 0.5 ಮಿ.ಗ್ರಾಂ.ನಿಂದ ಆರಂಭಿಸಿ, ಇಸಿಜಿ ನೋಡಿಕೊಂಡು, ಅಲ್ಪಾವಧಿಗೆ ಕೊಡಬಹುದು. ಪಾರ್ಕಿನ್ಸನ್ ಇರುವವರಿಗೆ ಅದು ಬೇಡ. ಲೊರಾಜೆಪಾಮ್‌ನಂಥವು ಮುಖ್ಯವಾಗಿ ಮದ್ಯ ಅಥವಾ ನಿದ್ರಾಜನಕಗಳನ್ನು ಏಕಾಏಕಿ ಬಿಟ್ಟದ್ದರಿಂದ ಬಂದ ಡೆಲಿರಿಯಂಗೆ. ನಮ್ಮ ಭಾಗದಲ್ಲಿ ಕಲಬೆರಕೆ ಸೇಂದಿಯ ಚಟವಿದೆಯೇ ಎಂದೂ ಕೇಳಬೇಕು: ಅದರಲ್ಲಿ ಕ್ಲೋರಲ್ ಹೈಡ್ರೇಟ್ ಅಥವಾ ಡಯಾಜೆಪಾಮ್ ಎಂಬ ನಿದ್ರಾಜನಕ ಬೆರೆತಿದ್ದರೆ, ದಾಖಲಾದ ಕೆಲವೇ ದಿನಗಳಲ್ಲಿ ಅಜ್ಜ ಸಲೈನ್ ಕೀಳುವುದಕ್ಕೆ ಅದು ಏಕಾಏಕಿ ನಿಂತದ್ದೇ ಕಾರಣವಿರಬಹುದು.

ಪ್ರಶ್ನಿಸಿದವರು

ನಮ್ಮ ಅಜ್ಜನ ಸೇಂದಿಯ ಬಗ್ಗೆ ಯಾರೂ ಕೇಳಿರಲಿಲ್ಲ. ತರಬೇತಿಯನ್ನು ಸಭಾಂಗಣದ ಬದಲು ವಾರ್ಡಿನಲ್ಲೇ, ರಾತ್ರಿ ಪಾಳಿ ಆರಂಭವಾಗುವ ಹೊತ್ತಿಗೆ, ಎರಡು ತಂಡಗಳಾಗಿ ನಡೆಸಲು ಒಪ್ಪಿಗೆ ಪಡೆದಿದ್ದೇನೆ. ಕೇಸ್ ಶೀಟಿನಲ್ಲಿ ‘ಮನೆಯವರ ಮಾತು’ ಎಂದು ಒಂದು ಸಾಲನ್ನೂ ಸೇರಿಸುತ್ತಿದ್ದೇವೆ.