ಸಹಾಯ ಬೇಕು: ಅನುಪಾತದ ಲೆಕ್ಕ ಬೇಗ ಬಿಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ವಿಜಯನಗರದಲ್ಲಿ ಪಿಜಿಯಲ್ಲಿದ್ದುಕೊಂಡು ಐಬಿಪಿಎಸ್ ಕ್ಲರ್ಕ್ ಪ್ರಿಲಿಮ್ಸ್‌ಗೆ (ಬ್ಯಾಂಕ್ ಗುಮಾಸ್ತ ಹುದ್ದೆಯ ಮೊದಲ ಹಂತದ ಪರೀಕ್ಷೆ) ಓದುತ್ತಿದ್ದೇನೆ. ಗಣಿತದ ಭಾಗಕ್ಕೆ 20 ನಿಮಿಷ, 35 ಪ್ರಶ್ನೆ. ತಪ್ಪಿಗೆ ಕಾಲು ಅಂಕ ಹೋಗುತ್ತದೆ, ಹಾಗಾಗಿ ಅಂದಾಜಿಗೆ ಒತ್ತುವ ಹಾಗಿಲ್ಲ.

ವಯಸ್ಸಿನ ಲೆಕ್ಕ ತೊಂದರೆಯಿಲ್ಲ. ಇಬ್ಬರ ವಯಸ್ಸು 5:3, 8 ವರ್ಷದ ನಂತರ 7:5 ಅಂದರೆ ಎರಡೂ ಕಡೆ 2 ಭಾಗ ಹೆಚ್ಚಿದೆ. 2 ಭಾಗ 8 ವರ್ಷ, 1 ಭಾಗ 4, ಈಗಿನ ವಯಸ್ಸು 20 ಮತ್ತು 12. ಪೆನ್ನೇ ಬೇಡ. ಹಾಲು-ನೀರಿನ ಲೆಕ್ಕಕ್ಕೂ ಇದೇ ಭಾಗದ ದಾರಿ ಸಾಕು.

ಸಿಕ್ಕಿಹಾಕಿಕೊಳ್ಳುವುದು ಆದಾಯ-ಖರ್ಚಿನಲ್ಲಿ. ಉದಾಹರಣೆಗೆ: ಇಬ್ಬರ ಆದಾಯ 5:4, ಖರ್ಚು 7:5, ತಲಾ ಉಳಿತಾಯ 3,000 ರೂಪಾಯಿ. 5x − 7y = 3,000, 4x − 5y = 3,000 ಎಂದು ಎರಡು ಸಮೀಕರಣ ಬರೆದರೆ ಆದಾಯ 10,000 ಮತ್ತು 8,000 ಸರಿಯಾಗೇ ಬರುತ್ತದೆ, ಆದರೆ ಅಷ್ಟರಲ್ಲಿ ಇನ್ನೊಂದು ಪ್ರಶ್ನೆಯ ಸಮಯ ಮುಗಿದಿರುತ್ತದೆ. ಉಳಿತಾಯ ಬೇರೆ ಬೇರೆಯಾಗಿದ್ದರಂತೂ ಇನ್ನೂ ಕಷ್ಟ.

ಪರೀಕ್ಷೆ ಪಾಸಾದ ಅಣ್ಣಂದಿರು, ಅಕ್ಕಂದಿರು ಇದನ್ನು ಹೇಗೆ ಮಾಡುತ್ತಿದ್ದಿರಿ? ಆಯ್ಕೆಗಳನ್ನೇ ಹಾಕಿ ನೋಡುವುದು ವೇಗವೇ, ಅಥವಾ ಅಡ್ಡ ಗುಣಾಕಾರವೇ? ಮೇಲಿನ ಲೆಕ್ಕವನ್ನೇ ನಿಮ್ಮ ರೀತಿಯಲ್ಲಿ ಬಿಡಿಸಿ, ಹಾಳೆಯ ಫೋಟೋ ಹಾಕಿದರೆ ತುಂಬಾ ಉಪಕಾರ.