ಮಳೆ ಲೆಕ್ಕದ ಟಿಎಸ್‌ವಿ ಫೈಲು: ಡೇಟಾನೇ ಎರರ್ ಅಂತ ಬರುತ್ತಿದೆ!

ನಾಪೋಕ್ಲು ತೋಟದವ:
ಅಪ್ಪ ದಿನಾ ಬೆಳಿಗ್ಗೆ ಎಂಟಕ್ಕೆ ಮಳೆ ಅಳೆದು ಡೈರಿಯಲ್ಲಿ ಬರೆಯುತ್ತಾರೆ. ಸೆಂಟ್ ಲೆಕ್ಕ, ನೂರು ಸೆಂಟ್‌ಗೆ ಒಂದು ಇಂಚು. ಯಾವ ವರ್ಷ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಯಾವಾಗ ಬಂತು ಅಂತ ಅವರಿಗೆ ಒಂದೇ ಪುಟದಲ್ಲಿ ತೋರಿಸಬೇಕು, ಅಷ್ಟೇ ನನ್ನ ಆಸೆ. ನಾನು, ಅಕ್ಕ ಸೇರಿ ಡೈರಿಯನ್ನೆಲ್ಲ ಟೈಪ್ ಮಾಡಿದೆವು. ಟಿಎಸ್‌ವಿ ಅಂದರೆ ಕಾಲಂಗಳ ನಡುವೆ ಟ್ಯಾಬ್ ಇರುವ ಫೈಲು; ಟ್ಯಾಬ್ ಇದೆ, ನೋಡಿದ್ದೇನೆ. ಪುಟವನ್ನು ಸುಮ್ನೆ ಡಬಲ್ ಕ್ಲಿಕ್ ಮಾಡಿದರೆ ಬ್ರೌಸರ್ ಫೈಲ್ ಓದಲು ಬಿಡುವುದಿಲ್ಲ ಅಂತ ಗೊತ್ತಿತ್ತು, ಪೈಥಾನ್ ಸರ್ವರ್ ಓಡಿಸಿದ್ದೇನೆ.

ಗ್ರಾಫ್ ಬಿಡಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ ಡಿ3 ಬಗ್ಗೆ ಹಳೆಯ ಪಾಠ ಒಂದು ಸಿಕ್ಕಿತು. ಅದರಲ್ಲಿ ಇದ್ದ ಹಾಗೇ ಬರೆದೆ: ಫೈಲಿನ ಹೆಸರು, ಆಮೇಲೆ ಒಂದು ಫಂಕ್ಷನ್. ಅದಕ್ಕೆ ಮೊದಲು ಎರರ್, ಆಮೇಲೆ ಡೇಟಾ. ಎರರ್ ಇದ್ದರೆ ಥ್ರೋ, ಅಂದರೆ ಅದನ್ನು ಎಸೆದು ಅಲ್ಲೇ ನಿಲ್ಲಿಸುವುದು. ಗ್ರಾಫ್ ಬರಲಿಲ್ಲ. ಕನ್ಸೋಲ್‌ನಲ್ಲಿ ಎರರ್ ಅಂತ ತೋರಿಸುವುದು ನನ್ನ ಫೈಲಿನ ಮೊದಲ ಸಾಲನ್ನೇ! ಜನವರಿ 1, ಮಳೆ 0. ಓದಿದೆ ಅಂತಾಯ್ತು, ಅಲ್ವಾ? ಮತ್ತೆ ಯಾಕೆ ಎರರ್? ರಾತ್ರಿ ಕರೆಂಟ್ ಹೋಗುವ ತನಕ ತಲೆ ಕೆರೆದುಕೊಂಡೆ.

ಕುಶಾಲನಗರದಿಂದ:
ಪಾಠ ನಾಲ್ಕನೇ ಆವೃತ್ತಿಯದ್ದು, ನಿಮ್ಮ ಲೈಬ್ರರಿ ಹೊಸದು. 2018ರಲ್ಲಿ ಐದನೆಯದು ಬಂದಾಗ ಕಾಲ್‌ಬ್ಯಾಕ್ (ಫೈಲು ಓದಿ ಮುಗಿದ ಮೇಲೆ ಓಡಲಿ ಅಂತ ಜೊತೆಗೇ ಕೊಡುವ ಫಂಕ್ಷನ್) ತೆಗೆದು ಪ್ರಾಮಿಸ್ (ಡೇಟಾ ಆಮೇಲೆ ಕೊಡುತ್ತೇನೆ ಅನ್ನುವ ವಸ್ತು) ಹಾಕಿದರು. ಈಗ ಆ ಜಾಗದಲ್ಲಿ ಕೊಟ್ಟ ಫಂಕ್ಷನ್ ಒಂದೊಂದು ಸಾಲಿಗೂ ಓಡುತ್ತದೆ. ‘ಎರರ್’ ಅಂತ ನೀವು ಕರೆದದ್ದು ಸಾಲು, ‘ಡೇಟಾ’ ಅಂದದ್ದು ಸಾಲಿನ ನಂಬರ್. ಒಳ್ಳೆಯ ಸಾಲನ್ನು ನೀವೇ ಎಸೆದುಬಿಟ್ಟಿರಿ. ಆ ಫಂಕ್ಷನ್ ತೆಗೆದು ಮುಂದೆ ‘ದೆನ್’ ಹಾಕಿ, ಡೇಟಾವನ್ನು ಅದರೊಳಗೆ ತೆಗೆದುಕೊಳ್ಳಿ.

ನಾಪೋಕ್ಲು ತೋಟದವ:
ಬಂತು ಸಾರ್! ಆದರೆ ವಿಚಿತ್ರ ನೋಡಿ. ಮಾರ್ಚ್‌ನ 95 ಸೆಂಟೇ ಎಲ್ಲಕ್ಕಿಂತ ಜಾಸ್ತಿ ಅನ್ನುತ್ತದೆ. ಜುಲೈನ 412 ಗ್ರಾಫ್ ದಾಟಿ ಮೇಲೆ ಹೋಗಿದೆ.

ಸೋಮವಾರಪೇಟೆ:
ಟಿಎಸ್‌ವಿಯಿಂದ ಬರುವುದೆಲ್ಲ ಅಕ್ಷರ, ಅಂಕಿಯಲ್ಲ. ಅಕ್ಷರವಾಗಿ ಹೋಲಿಸಿದರೆ 9 ದೊಡ್ಡದು, 4 ಚಿಕ್ಕದು, ಮುಂದೆ ನೋಡುವುದೇ ಇಲ್ಲ. ಕೋಡ್‌ನಲ್ಲಿ ಮಳೆಯ ಕಾಲಂ ಓದುವ ಕಡೆ, ಅದಕ್ಕಿಂತ ಮೊದಲು ಒಂದು ಪ್ಲಸ್ ಚಿಹ್ನೆ ಹಾಕಿ ಅಂಕಿ ಮಾಡಿಕೊಳ್ಳಿ. ತಾನೇ ಅಂಕಿ ಮಾಡಿಕೊಡುವ ‘ಆಟೋಟೈಪ್’ ಕೂಡ ಡಿ3ಯಲ್ಲಿ ಇದೆ, ಆದರೆ ಅದು ಊಹೆ ಮಾಡುತ್ತದೆ. ನನಗೆ ಪ್ಲಸ್ಸೇ ವಾಸಿ.

ನಾಪೋಕ್ಲು ತೋಟದವ:
ಪ್ಲಸ್ ಹಾಕಿದೆ, ಸರಿಹೋಯಿತು. ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ ಕೇಳಿದ ಮೊದಲ ಮಾತು: “ಮಾರ್ಚ್ 14ರ ಮಳೆ ಎಲ್ಲಿ?” ಹುಡುಕಿದರೆ, ಆ ತಿಂಗಳು ಅಕ್ಕ ಟೈಪ್ ಮಾಡಿದ್ದು. ೮೦ ಅಂತ ಕನ್ನಡ ಅಂಕಿಯಲ್ಲಿ ಹೊಡೆದಿದ್ದಾಳೆ. ಜಾವಾಸ್ಕ್ರಿಪ್ಟ್‌ಗೆ ಅದು ಅಂಕಿಯೇ ಅಲ್ಲವಂತೆ, ‘ನ್ಯಾನ್’ ಅನ್ನುತ್ತದೆ. ಕೂತು ತಿದ್ದುತ್ತಿದ್ದೇನೆ.